ಕಾಶವ್ವನ ಹೆಪ್ಪು

ಡಾಕ್ಟರ್ ಉಪ್ಪಿನ ಅವರು ಬಿಳಿ ಕಾಗದದ ಮೇಲೆ ಎರಡು ಹನಿ ರಕ್ತ ಇಟ್ಟರು. ಒಂದು ಕಾಶವ್ವನ ಬೆರಳಿನದು, ಇನ್ನೊಂದು ಅವಳ ಮೊಮ್ಮಗಳ ಹಿಮ್ಮಡಿಯದು. ಮೊಮ್ಮಗಳು ಹುಟ್ಟಿ ಅಂದಿಗೆ ಎಪ್ಪತ್ತೊಂದು ದಿನ.

ಕಾಶವ್ವನ ಹನಿ ಕೆಂಪಗೆ ಹರಡಿತು. ಕೂಸಿನ ಹನಿ ಎರಡು ಸಲ ಕುದಿಸಿದ ಚಹಾದಂತೆ ಕಂದಾಗಿತ್ತು. ಡಾಕ್ಟರು ಕಾಗದವನ್ನು ಗಾಳಿಯಲ್ಲಿ ಬೀಸಿದರು. ಒಂದು ನಿಮಿಷ ಕಳೆಯಿತು. ಕಂದು ಬಣ್ಣ ಬದಲಾಗಲಿಲ್ಲ.

"ಇದು ರಕ್ತ ಹೌದೇನ್ರಿ?" ಎಂದಳು ಕಾಶವ್ವ. ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸಿತು.

"ರಕ್ತನೇ. ಆದ್ರ ಇದಕ್ಕ ಆಮ್ಲಜನಕ ಹೊರಲಿಕ್ಕೆ ಆಗವಲ್ದು. ಮುಂಜಾನಿಂದ ಎಲ್ಲಾರೂ ಕೂಸಿನ ಹೃದಯ ನೋಡ್ಯಾರ. ಹೃದಯ ಚಲೋ ಅದ. ಹೊಟ್ಟಿಗೆ ಏನೋ ಹೋಗ್ಯದ. ಏನ್ ಕುಡಸ್ತೀರಿ?"

"ಡಬ್ಬಿ ಹಾಲ್ರಿ."

"ಎಮ್ಮಿ ಊರಾಗ ಡಬ್ಬಿ ಹಾಲೇನು?"

ಗೋಡೆಗೊರಗಿ ನಿಂತಿದ್ದ ಮಗಳು ಭಾಗ್ಯಶ್ರೀ ಉತ್ತರಿಸಿದಳು. "ಹೆರಿಗಿ ಗಾಯ ಕೀವಾಗಿ ನನ್ನ ಹಾಲು ಬತ್ತಿತ್ರಿ. ಎಮ್ಮಿ ಹಾಲು ಈಗ ಬ್ಯಾಡ ಅಂತ ಇಲ್ಲೇ ಹೇಳಿದ್ರು."

"ಆ ಪುಡಿ ಯಾವ ನೀರಾಗ ಕಲಸ್ತೀರಿ?"

ಕಾಶವ್ವ ಸೆರಗು ಸರಿಮಾಡಿಕೊಂಡಳು. ಈ ಒಂದು ಪ್ರಶ್ನೆಗೆ ಅವಳಲ್ಲಿ ಗಟ್ಟಿ ಉತ್ತರವಿತ್ತು. "ದೀಪದ ನೀರ್ರಿ, ಕರೆಮ್ಮನಹಟ್ಟಿದು. ಅಲ್ಲಿ ದೀಪ ನೋಡಾಕಿ ನಾನ."

ಡಾಕ್ಟರು ಫೋನು ತೆಗೆದು ಜಲ ನಿಗಾ ಕೇಂದ್ರದ ನಕ್ಷೆಯಲ್ಲಿ ಊರಿನ ಹೆಸರು ಒತ್ತಿದರು. ಹಸಿರು ಚುಕ್ಕಿ ಬಂತು. ಕೆಳಗೆ, 'ಸತತ 583 ದಿನ ಸುರಕ್ಷಿತ'. ಅವರು ಅದನ್ನು ಕಾಶವ್ವನಿಗೆ ತೋರಿಸದೆ ತುಸು ಹೊತ್ತು ನೋಡುತ್ತ ನಿಂತರು.

"ಈ ಚುಕ್ಕಿ ನೋಡೇ ನಮ್ಮ ಹುಡುಗ ಡಾಕ್ಟರು ನೀರಿನ ಮಾತು ತಗದಿಲ್ಲ," ಎಂದರು. "ಎರಡೂವರಿ ತಾಸು ಹೋತು."

ಕೂಸಿನ ತುಟಿ ನೇರಳೆ ಹಣ್ಣು ತಿಂದಂತಾಗಿದ್ದುದನ್ನು ಭಾಗ್ಯಾ ಕಂಡದ್ದು ಬೆಳಿಗ್ಗೆ ಏಳೂವರೆಗೆ. ಮೂವತ್ತೆಂಟು ಕಿಲೋಮೀಟರ್ ದಾರಿ ಸವೆಸಿ ಜಿಲ್ಲಾ ಆಸ್ಪತ್ರೆ ಮುಟ್ಟುವಾಗ ಒಂಬತ್ತು. ಆಮ್ಲಜನಕ ಕೊಟ್ಟರೂ ಬಣ್ಣ ತಿರುಗಲಿಲ್ಲ. ಅಳುವ ಶಕ್ತಿಯಿಲ್ಲದ ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು.

ನರ್ಸು ತಂದ ಸೂಜಿಯಲ್ಲಿದ್ದ ಔಷಧ ಕಡು ನೀಲಿ. ಮಿಥಿಲೀನ್ ಬ್ಲೂ ಅದರ ಹೆಸರು. ನೀಲಿಗಟ್ಟಿದ ಮಗುವಿಗೆ ನೀಲಿಯನ್ನೇ ಚುಚ್ಚುವುದನ್ನು ಕಂಡು ಭಾಗ್ಯಾ ಮುಖ ಮುಚ್ಚಿಕೊಂಡಳು. ಐದು ನಿಮಿಷ ನಿಧಾನವಾಗಿ ಒಳಗೆ ಹರಿಸಿದರು. ನಲವತ್ತು ನಿಮಿಷಗಳಲ್ಲಿ ಮೊದಲು ಕಿವಿಯ ಹಾಲೆ, ಆಮೇಲೆ ತುಟಿ, ಆಮೇಲೆ ಉಗುರು, ಹೀಗೆ ಬಣ್ಣ ಮರಳಿ ಬಂತು. ಕೂಸು ಅತ್ತಿತು. ಬಟ್ಟೆ ಬದಲಿಸಿದಾಗ ಮೂತ್ರ ಪಾಚಿಹಸಿರಾಗಿತ್ತು. ಔಷಧ ಹೊರಹೋಗುವ ಬಣ್ಣ ಅದು, ಹೆದರಬೇಡಿ ಎಂದು ನರ್ಸು ಹೇಳಿದಳು. ಕಾಶವ್ವನಿಗೆ ಆ ಹೊತ್ತಿಗೆ ಹೆದರುವುದಕ್ಕೂ ತ್ರಾಣವಿರಲಿಲ್ಲ.

"ಇದು ಇವತ್ತಿನ ಮಟ್ಟಿಗೆ," ಎಂದರು ಡಾಕ್ಟರ್ ಉಪ್ಪಿನ. "ಅದೇ ನೀರು ಕುಡದ್ರ ಮತ್ತ ಇದೇ ಆಗ್ತದ. ನೀರಲ್ಲ ಅಂದ್ರ ಮತ್ತೇನು ಅಂತ ಗೊತ್ತಾಗಬೇಕು. ಜಲ ನಿಗಾ ಕೇಂದ್ರಕ್ಕ ಫೋನ್ ಮಾಡೀನಿ."

"ನೀರಾಗ ಏನೂ ಇರೂದಿಲ್ರಿ," ಎಂದಳು ಕಾಶವ್ವ. "ಇವತ್ತ ಮುಂಜಾನೆ ಬಾಗಲ ತಗದು ನೋಡೇನ ಬಂದೀನಿ. ಉರಿಯಾಕತ್ತಿತ್ತು."

*

ಕರೆಮ್ಮನಹಟ್ಟಿಯಲ್ಲಿ ಎಪ್ಪತ್ತೆರಡು ಮನೆ, ಆರುನೂರಕ್ಕೂ ಮಿಕ್ಕಿ ಎಮ್ಮೆ. ಊರಿನ ಗಡಿಗೆ ಮೊಸರು ಮೂರು ಬಸ್ ನಿಲ್ದಾಣಗಳಲ್ಲಿ ಮಾರಾಟವಾಗುತ್ತದೆ. ಆರುನೂರು ಎಮ್ಮೆಗಳ ಸೆಗಣಿ ಗಂಜಳ ಊರ ಸುತ್ತಲಿನ ತಿಪ್ಪೆಗಳಲ್ಲಿ ಕೊಳೆಯುತ್ತದೆ; ಅದರೊಳಗಿನ ಸಾರಜನಕ ನೈಟ್ರೇಟ್ ಆಗಿ ಮಳೆನೀರಿನ ಜೊತೆ ನೆಲಕ್ಕಿಳಿದು ಬೋರ್‌ವೆಲ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರ ದೇಹ ತಾಳಿಕೊಳ್ಳುತ್ತದೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಅದು ರೂಪ ಬದಲಿಸಿ ರಕ್ತವನ್ನೇ ಕೆಡಿಸುತ್ತದೆ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದೆಂಬುದು ಮಿತಿ.

ಐದು ವರ್ಷದ ಹಿಂದೆ ಇಂಥ ಊರುಗಳಿಗೆಲ್ಲ ದೀಪ ಬಂತು. ಜನ ದೀಪ ಎನ್ನುತ್ತಿದ್ದುದು ಪಂಪ್‌ಹೌಸಿನ ಗೋಡೆಗೆ ಕೂರಿಸಿದ, ಮೊಳದುದ್ದದ ಗಾಜಿನ ಕೊಳವೆಗೆ. ಅದರೊಳಗೆ ಪ್ರಯೋಗಾಲಯದಲ್ಲಿ ರೂಪಿಸಿದ ಕೋಟ್ಯಂತರ ಸೂಕ್ಷ್ಮಜೀವಿಗಳು. ಊರಿಗೆ ಹೋಗುವ ನೀರು ತೆಳ್ಳನೆಯ ಪೊರೆಯೊಂದರ ಮೂಲಕ ಅವನ್ನು ಸವರಿಕೊಂಡು ಹೋಗಬೇಕು. ನೈಟ್ರೇಟ್ ಮಿತಿಯೊಳಗಿದ್ದರೆ ಜೀವಿಗಳು ಹಸಿರಾಗಿ ಬೆಳಗುತ್ತವೆ. ಮಿತಿ ಮೀರಿದರೆ ಮಂಕಾಗುತ್ತವೆ. ಮಂಕಾದ ಕೂಡಲೇ ವಾಲ್ವು ತಾನೇ ಮುಚ್ಚುತ್ತದೆ, ಟ್ಯಾಂಕರಿಗೆ ಸುದ್ದಿ ಹೋಗುತ್ತದೆ. ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕಳಿಸಿ ತಿಂಗಳು ಕಾಯುವ ಪದ್ಧತಿ ಅಲ್ಲಿಗೆ ನಿಂತಿತು.

ದೀಪ ನೋಡಿಕೊಳ್ಳುವವರದು ಮುಖ್ಯವಾಗಿ ಒಂದೇ ಕೆಲಸ. ಪ್ರತಿ ಅಮಾವಾಸ್ಯೆಗೆ ಕೊಳವೆಯಲ್ಲಿರುವುದನ್ನೆಲ್ಲ ಬ್ಲೀಚಿಂಗ್ ಪುಡಿಯ ನೀರಿಗೆ ಚೆಲ್ಲಿ, ಕೇಂದ್ರದಿಂದ ಬಂದ ಹೊಸ ಪೊಟ್ಟಣ ಒಡೆದು ತುಂಬಬೇಕು. ರಿಜಿಸ್ಟರಿನಲ್ಲಿ ಗುರುತು ಹಾಕಬೇಕು.

ಮಗಳ ಬಾಣಂತನಕ್ಕೆ ಬೀಗರು ಪಟ್ಟಣದಲ್ಲೇ ಇರಲಿ ಎಂದಿದ್ದರು. ಅಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ. "ನಮ್ಮೂರಾಗ ದೀಪ ಐತ್ರಿ," ಎಂದು ಹೇಳಿ ಕಾಶವ್ವ ಮಗಳನ್ನು ಕರೆತಂದಿದ್ದಳು.

*

ಮಧ್ಯಾಹ್ನ ಎರಡಕ್ಕೆ ಜಲ ನಿಗಾ ಕೇಂದ್ರದ ಜೀಪು ಆಸ್ಪತ್ರೆಯ ಮುಂದೆ ನಿಂತಿತು. ಬಂದವಳು ಶಹನಾಜ್ ನದಾಫ್, ಸೂಕ್ಷ್ಮಜೀವಿ ವಿಜ್ಞಾನಿ. ಮೂವತ್ತೈದು ದಾಟಿರಲಿಕ್ಕಿಲ್ಲ. ಕಾಶವ್ವನನ್ನು ಕೂರಿಸಿಕೊಂಡು ಊರಿಗೆ ಹೊರಟವಳು ದಾರಿಯುದ್ದಕ್ಕೂ ತೊಡೆಯ ಮೇಲಿನ ಪರದೆ ನೋಡುತ್ತಿದ್ದಳು.

"ಇದು ನಿಮ್ಮೂರಿನ ಬೆಳಕಿನ ಲೆಕ್ಕ," ಎಂದು ಪರದೆಯನ್ನು ಕಾಶವ್ವನ ಕಡೆ ತಿರುಗಿಸಿದಳು. ಅಡ್ಡಡ್ಡ ಎಳೆದ ಹಸಿರು ಗೆರೆ. "ಇದು ಪಕ್ಕದ ತಾಲೂಕಿನ ಒಂದೂರಿಂದು." ಅಲ್ಲಿ ಗೆರೆ ಮಳೆಗಾಲದಲ್ಲಿ ಇಳಿದು ಬೇಸಿಗೆಯಲ್ಲಿ ಏರಿತ್ತು.

"ನಮ್ದ ಚಲೋ ಐತಿ," ಎಂದಳು ಕಾಶವ್ವ.

"ಅದಕ್ಕೇ ಪ್ರಶಸ್ತಿ ಕೊಟ್ಟೀವಿ." ಶಹನಾಜ್ ಪರದೆ ಆರಿಸಿದಳು. "ನೆಲದಾಗಿನ ನೀರು ಹತ್ತೊಂಬತ್ತು ತಿಂಗಳು ಹಿಂಗ ಕೋಲಿನಂಗ ಇರೂದಿಲ್ಲ ಕಾಶವ್ವಾರ. ನನಗ ಅವಾಗನ ಅನುಮಾನ ಬರಬೇಕಿತ್ತು."

ಪಂಪ್‌ಹೌಸಿನ ಕಬ್ಬಿಣದ ಬಾಗಿಲು ತೆರೆದಾಗ ಒಳಗೆಲ್ಲ ಹಸಿರು ಬೆಳಕು ತುಂಬಿತ್ತು. ಗೋಡೆಯಲ್ಲಿ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ. ಕೊಳವೆಯ ಬುಡದಲ್ಲಿ ಬೆಳಿಗ್ಗೆ ಇಟ್ಟ ಒಂದು ದಾಸವಾಳ.

ಶಹನಾಜ್ ಚೀಲದಿಂದ ಬೆರಳಗಲದ ಕಾಗದದ ಪಟ್ಟಿಯೊಂದನ್ನು ತೆಗೆದಳು. ಹಳೆಯ ಕಾಲದ್ದು, ಶಾಲೆಗಳಲ್ಲಿ ಬಳಸುತ್ತಿದ್ದುದು. ನಲ್ಲಿ ನೀರಿನಲ್ಲಿ ಅದ್ದಿ ಕೈಗಡಿಯಾರ ನೋಡಿದಳು. ಅರವತ್ತು ಸೆಕೆಂಡಿಗೆ ಪಟ್ಟಿಯ ತುದಿ ಕಡು ಗುಲಾಬಿ ಆಯಿತು. ಇನ್ನೊಂದು ಅದ್ದಿದಳು, ಅದೂ ಅಷ್ಟೇ. ಆಮೇಲೆ ಕೈಯಲ್ಲಿ ಹಿಡಿಯುವ ಮೀಟರನ್ನು ಹೊರತೆಗೆದಳು. ಅದು ನೂರ ತೊಂಬತ್ತು ಎಂದಿತು.

"ಅಂದ್ರ?" ಎಂದಳು ಕಾಶವ್ವ.

"ಇರಬೇಕಾದದ್ದು ನಲವತ್ತೈದರೊಳಗ."

ಇಬ್ಬರೂ ದೀಪದ ಕಡೆ ನೋಡಿದರು. ಅದು ಉರಿಯುತ್ತಲೇ ಇತ್ತು.

ಶಹನಾಜ್ ಕೈಯಿಂದಲೇ ವಾಲ್ವು ತಿರುಗಿಸಿ ಮುಚ್ಚಿದಳು. ಹತ್ತೇ ನಿಮಿಷದಲ್ಲಿ ಕೊಡ ಹಿಡಿದ ಹೆಂಗಸರು ಬಾಗಿಲಲ್ಲಿ ನೆರೆದರು. "ದೀಪ ಉರಿಯಾಕತ್ತೈತಿ, ನೀರ್ಯಾಕ ಬಂದಾತು?" ಎಂದಳು ಪಕ್ಕದ ಮನೆಯ ಹೊಳೆವ್ವ. ಜೀಪು ನೋಡಿ ದನಿ ತಗ್ಗಿಸಿದಳು. "ಕಾಶೀ, ಮೇಡಮ್ಮಾರಿಗೆ ಒಂದ್ ಗಡಿಗಿ ಮೊಸರ ಕೊಟ್ಟು ಕಳಿಸವಾ, ತಣ್ಣಗಾಗ್ತಾರ." ಹಿಂದಿನವರು ನಕ್ಕರು. ಕಾಶವ್ವ ನಗದಿದ್ದುದನ್ನು ಕಂಡು ಹೊಳೆವ್ವನೂ ಸುಮ್ಮನಾಗಿ, "ಕೂಸು ಹೆಂಗೈತಿ?" ಎಂದಳು.

"ಕೆಂಪಗಾಗೈತಿ," ಎಂದಳು ಕಾಶವ್ವ. ಬಾಗಿಲು ಎಳೆದುಕೊಂಡಳು.

ಶಹನಾಜ್ ರಿಜಿಸ್ಟರು ತಿರುವುತ್ತಿದ್ದಳು. ಪ್ರತಿ ಅಮಾವಾಸ್ಯೆಗೂ ಗುರುತು ಬಿದ್ದಿತ್ತು, ಒಂದೂ ತಪ್ಪಿರಲಿಲ್ಲ.

"ಹೊಸ ಪೊಟ್ಟಣ ತಿಂಗಳಾ ಹಾಕೀರಿ ಹೌದಲ್ಲ?"

ಗುರುತು ಅವಳದೇ ಕೈಯದು. ಹೌದು ಎಂದರೆ ಮುಗಿಯಿತು. ತಪ್ಪು ಪೊಟ್ಟಣದ್ದಾಗುತ್ತದೆ, ಕೇಂದ್ರದ್ದಾಗುತ್ತದೆ. ಕಾಶವ್ವನ ನಾಲಿಗೆಯ ತುದಿಗೆ ಹೌದು ಬಂದು ಕುಳಿತಿತ್ತು. ಅದರ ಜೊತೆಗೇ ಬಿಳಿ ಕಾಗದದ ಮೇಲಿನ ಕಂದು ಹನಿ ಕಣ್ಣೆದುರು ಬಂತು.

ಅವಳು ಮೂಲೆಯ ಕಪಾಟಿನ ಬಾಗಿಲು ತೆರೆದಳು. ಒಳಗೆ ಬೆಳ್ಳಿ ಬಣ್ಣದ ಪೊಟ್ಟಣಗಳು ಒಂದರ ಮೇಲೊಂದು ಸಾಲಾಗಿದ್ದವು. ಒಂದೂ ಒಡೆದಿರಲಿಲ್ಲ.

"ಹಾಕಿಲ್ರಿ," ಎಂದಳು. "ಹೆಪ್ಪಿನ ಮ್ಯಾಲೇ ನಡಸೀನಿ."

*

ಅವಳ ಊರಿನಲ್ಲಿ ಹೆಪ್ಪು ಸಾಯಗೊಡುವುದಿಲ್ಲ. ಇಂದಿನ ಮೊಸರಿನ ಒಂದು ಚಮಚ ನಾಳಿನ ಹಾಲಿಗೆ, ನಾಳಿನದು ಮರುದಿನಕ್ಕೆ. ಕಾಶವ್ವನ ಅಡುಗೆಮನೆಯ ಹೆಪ್ಪು ಅವಳ ಅವ್ವ ತವರಿನಿಂದ ತಂದದ್ದು, ಅವ್ವನಿಗೆ ಅವಳ ಅವ್ವ ಕೊಟ್ಟದ್ದು. ಗಂಡನ ಮನೆಗೆ ಹೊರಟ ಮಗಳ ಬುತ್ತಿಯಲ್ಲಿ ಒಂದು ಕುಡಿಕೆ ಹೆಪ್ಪು ಇಲ್ಲದಿದ್ದರೆ ಆ ಕಳಿಸುವಿಕೆ ಕಳಿಸುವಿಕೆಯೇ ಅಲ್ಲ. ಹೆಪ್ಪು ಚೆಲ್ಲುವುದೆಂದರೆ ಒಲೆಗೆ ನೀರು ಹೊಯ್ದ ಹಾಗೆ. ಅಂಥವಳಿಗೆ ಪ್ರತಿ ಅಮಾವಾಸ್ಯೆ ಜೀವಂತ ಬೆಳಗುತ್ತಿರುವುದನ್ನು ಬ್ಲೀಚಿಂಗ್ ನೀರಿಗೆ ಸುರಿ ಎಂದು ಮುದ್ರಿತ ಕಾಗದವೊಂದು ಹೇಳಿತ್ತು. ಮೂರೂಕಾಲು ವರ್ಷ ಅವಳು ಕಣ್ಣು ಮುಚ್ಚಿ ಸುರಿದಿದ್ದಳು.

ಹತ್ತೊಂಬತ್ತು ತಿಂಗಳ ಹಿಂದೆ ದೊಡ್ಡ ಮಳೆ ಬಂತು. ತಿಪ್ಪೆಗಳಲ್ಲಿ ಮೊಣಕಾಲುದ್ದ ನೀರು ನಿಂತಿತು. ಸೇತುವೆ ಮುಳುಗಿ ಪೊಟ್ಟಣ ಬರಲಿಲ್ಲ. ದೀಪ ದಿನದಿನಕ್ಕೆ ಮಂಕಾಗುತ್ತ ಬಂತು.

"ಹಸಿದೈತಿ ಅನಿಸ್ತ್ರಿ," ಎಂದಳು ಕಾಶವ್ವ. ಶಹನಾಜ್ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು. "ಮೊಸರಿನ ತಿಳಿ ಕುದಿಸಿ, ಆರಿಸಿ, ಸೋಸಿ ಹಾಕಿದ್ನಿ. ಆದ್ರೂ ಮಂಕ. ಕೊಳವಿ ಮೂಲ್ಯಾಗ ಒಂದ್ ಕಡೆ, ಇಷ್ಟ, ಕಡ್ಲಿ ಗಾತ್ರದ್ದು ಚಲೋ ಉರಿಯಾಕತ್ತಿತ್ತು. ಅದನ್ನ ಚಮಚದಾಗ ತಗದು ಬ್ಯಾರೆ ಬಾಟ್ಲ್ಯಾಗ ಬೆಳಸಿ ತುಂಬಿದ್ನಿ. ಮೂರ ದಿನದಾಗ ಫಳಫಳ ಅಂತ್ರಿ. ವಾಲ್ವ್ ತಗೀತು, ನೀರ ಬಂತು. ಊರ ಮಂದಿ ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ಆಮ್ಯಾಲೆ ತಿಂಗಳಾ ಹಂಗ ಮಾಡಿದ್ನಿ. ಎಲ್ಲಿ ಹೆಚ್ಚ ಉರೀತೈತಿ ಅಲ್ಲಿಂದನ ಹೆಪ್ಪು ತಗೀತಿದ್ನಿ. ಗಟ್ಟಿ ಮೊಸರಿಂದನ ಹೆಪ್ಪು ತಗಿಯೂದು ನಾವು."

ಶಹನಾಜ್ ರಿಜಿಸ್ಟರು ಮುಚ್ಚಿದಳು. ಹಸಿರು ಬೆಳಕಿನಲ್ಲಿ ಅವಳ ಮುಖ ರಕ್ತ ಬಸಿದು ಹೋದಂತೆ ಕಂಡಿತು.

"ನಮಗಿದ್ದ ಹೆದರಿಕಿ ಬ್ಯಾರೆ," ಎಂದಳು. "ಬೆಳಕು ಕೊಡೋದು ಜೀವಿಗೆ ದಂಡದ ಕೆಲಸ. ಬಿಟ್ರ ನಾಲ್ಕು ದಿನದಾಗ ಬೆಳಕು ಮರತು ಬರೇ ಬೆಳೀತಾವು. ಹಂಗಾಗಬಾರದು ಅಂತ ಬೆಳಕನ್ನೂ ಬೆಳವಣಿಗಿನೂ ಒಂದೇ ಸ್ವಿಚ್ಚಿಗೆ ಕಟ್ಟಿದ್ವಿ. ಬೆಳಕು ಆರಿದ್ರ ಬೆಳವಣಿಗಿನೂ ನಿಲ್ಲಬೇಕು. ಕಟ್ಟಿದಾಕಿ ನಾನೇ. ಜಾಣತನ ಅಂದ್ಕೊಂಡಿದ್ದೆ."

"ನನಗ ತಿಳಿಯೂ ಹಂಗ ಹೇಳ್ರಿ."

"ನಿಮ್ಮ ಹಾಲಿಗೆ ಯಾರೋ ವಿಷ ಹಾಕ್ಯಾರ ಅಂತ ಇಟ್ಕೊಳ್ರಿ. ಹೆಪ್ಪು ಸಾಯ್ತದ. ಕೋಟಿಯೊಳಗ ಒಂದಕ್ಕ ಆ ವಿಷದ ರುಚೀನೇ ತಿಳಿಯೂದಿಲ್ಲ. ಅದೊಂದು ಉಳೀತದ. ನೀವು ಅದನ್ನ ಹುಡುಕಿ ಚಮಚದಾಗ ತಗದು ಬೆಳಸ್ತೀರಿ. ಮರುತಿಂಗಳು ಅದರಾಗ ಇನ್ನೂ ಮೊಂಡಾದದ್ದನ್ನ ಆರಸ್ತೀರಿ. ಹತ್ತೊಂಬತ್ತು ಸಲ." ಅವಳು ಕೊಳವೆಯತ್ತ ಕೈ ತೋರಿಸಿದಳು. "ಇವಕ್ಕ ನೈಟ್ರೇಟ್ ಅಂದ್ರ ಏನಂತನ ಗೊತ್ತಿಲ್ಲ. ಕುರುಡಾಗ್ಯಾವ. ಏನ ಹಾಕ್ರಿ, ಉರೀತಾವ."

ಕಾಶವ್ವ ದೀಪದ ಬುಡದ ದಾಸವಾಳವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವಳ ತಲೆಯಲ್ಲಿ ಮಳೆಯ ಆ ಎರಡು ವಾರಗಳು ಮತ್ತೆ ನಡೆದವು, ಈ ಸಲ ತಿರುವುಮುರುವಾಗಿ.

"ಅಂದ್ರ ಅವತ್ತ ಅದು ಹಸಿದಿದ್ದಿಲ್ಲ," ಎಂದಳು.

"ಇಲ್ಲ."

"ಹೇಳಾಕತ್ತಿತ್ತು."

"ಹೌದು."

*

ಮನೆಯಲ್ಲಿ ಕೂಸಿನ ಸಾಮಾನು ಬೆಳಿಗ್ಗೆ ಬಿಟ್ಟುಹೋದಂತೆಯೇ ಇತ್ತು. ಡಬ್ಬಿ, ಚಮಚ, ಬಟ್ಟಲು, ಮುಚ್ಚಿಟ್ಟ ತಾಮ್ರದ ತಂಬಿಗೆ. ಶಹನಾಜ್ ತಂಬಿಗೆಯ ನೀರಿನಲ್ಲಿ ಮೀಟರಿನ ತುದಿ ಅದ್ದಿದಳು. ಅಂಕಿ ನೋಡಿ, ಒರೆಸಿ, ಮತ್ತೊಮ್ಮೆ ಅದ್ದಿದಳು.

"ಈ ನೀರು ಎಲ್ಲಿಂದು?"

"ಅದೇ ನಲ್ಲಿದ್ರಿ. ಕೂಸಿಗಂತ ಅಜವಾನ ಹಾಕಿ ಕುದಿಸೀನಿ."

"ಎಷ್ಟು?"

"ಎರಡು ತಂಬಿಗಿ ಒಂದಾಗೂತನಕ. ನಮ್ಮವ್ವ ನನಗ ಹಂಗ ಮಾಡಿದ್ಳು, ನಾ ಭಾಗ್ಯಾಗ ಹಂಗ ಮಾಡೀನಿ."

ಮೀಟರಿನಲ್ಲಿ ಮುನ್ನೂರ ಎಪ್ಪತ್ತೆರಡು ಇತ್ತು. ಕುದಿಸಿದರೆ ರೋಗಾಣು ಸಾಯುತ್ತದೆ; ನೈಟ್ರೇಟ್ ಆವಿಯಾಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಶಹನಾಜ್ ಇದನ್ನು ಸಾಧ್ಯವಾದಷ್ಟು ಮೆಲ್ಲಗೆ ಹೇಳಿದಳು. ಕಾಶವ್ವ ಕೇಳಿಸಿಕೊಂಡಳು. ಒಲೆಯ ಕಟ್ಟೆಗೆ ಕೈಯೂರಿ ಕುಳಿತಳು. ಡಬ್ಬಿ ಹಾಲು ಶುರುವಾದಂದಿನಿಂದ ದಿನಕ್ಕೆರಡು ಸಲ ಅವಳು ಆ ಒಲೆಯ ಮುಂದೆ ನಿಂತು, ನೀರು ಅರ್ಧಕ್ಕಿಳಿಯುವ ತನಕ ಅತ್ತಿತ್ತ ಕದಲದೆ ಕಾದಿದ್ದಳು. ಆ ಕೆಲಸ ಭಾಗ್ಯಾಗೂ ಬಿಟ್ಟುಕೊಟ್ಟಿರಲಿಲ್ಲ.

ಕಪಾಟಿನ ಮೇಲೆ ಸಾಲಾಗಿ ಖಾಲಿ ಕುಡಿಕೆಗಳಿದ್ದವು, ಅಂಗೈ ಅಗಲದವು, ಬಾಯಿಗೆ ಬಟ್ಟೆ ಕಟ್ಟುವಂಥವು. ಶಹನಾಜಳ ಕಣ್ಣು ಅವುಗಳ ಮೇಲೆ ಹೋಯಿತು.

"ಇವು ಮೊಸರಿನ ಹೆಪ್ಪಿಗೆ ಏನ್ರಿ?"

"ಹೌದ್ರಿ. ಕೇಳಿದವರಿಗೆ ಕೊಡಾಕ. ಹೆಪ್ಪು ಇಲ್ಲ ಅನಬಾರದು. ಸಂಜಿ ದೀಪ ಹಚ್ಚೂದರೊಳಗ ಯಾರ ಬಂದ್ರೂ ಕೊಡಬೇಕು."

ಶಹನಾಜ್ ನಿಂತಲ್ಲೇ ನಿಂತಳು. ಮುಂದಿನ ಪ್ರಶ್ನೆಯನ್ನು ಕೇಳದೆ ಇರುವ ದಾರಿ ಇದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದಳೇನೋ.

"ಪಂಪ್‌ಹೌಸಿನ ಹೆಪ್ಪು ಯಾರರ ಕೇಳ್ಯಾರ?"

ಕಾಶವ್ವ ತಲೆ ಎತ್ತಿದಳು. ಪ್ರಶಸ್ತಿ ಬಂದ ಮೇಲೆ ಸುತ್ತಲಿನ ಊರುಗಳ ದೀಪದ ಹೆಂಗಸರು ಬಂದಿದ್ದರು. ನಮ್ಮದು ಮಂಕು, ಮಳೆ ಬಂದರೆ ಆರುತ್ತದೆ, ನಿಮ್ಮದು ಹೇಗೆ ಇಷ್ಟು ಚೆನ್ನಾಗಿ ಉರಿಯುತ್ತದೆ ಎಂದು ಕೇಳಿದ್ದರು. ಬಂದವರನ್ನು ಅವಳು ಬರಿಗೈಯಲ್ಲಿ ಕಳಿಸಿರಲಿಲ್ಲ.

"ಭಾಳ ಮಂದಿ, ಮೇಡಮ್ಮಾರ," ಎಂದಳು.

*

ಮರುದಿನ ಹತ್ತು ಗಂಟೆಗೆ ಕಾಶವ್ವ ಜಲ ನಿಗಾ ಕೇಂದ್ರದ ದೊಡ್ಡ ಕೋಣೆಯಲ್ಲಿದ್ದಳು. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ. ಕೂಸು ಬೆಳಿಗ್ಗೆ ಬೇರೆ ನೀರಿನಲ್ಲಿ ಕಲಸಿದ ಹಾಲು ಕುಡಿದು ಮಲಗಿತ್ತು. ಅದನ್ನು ಭಾಗ್ಯಾ ತಾನೇ ಕಲಸಿದ್ದಳು, ತಾಯಿಯ ಕೈಗೆ ಕೊಟ್ಟಿರಲಿಲ್ಲ.

ಒಂದಿಡೀ ಗೋಡೆ ನಕ್ಷೆಯಾಗಿತ್ತು. ಅದರ ಮೇಲೆ ಇನ್ನೂರ ಹದಿನಾಲ್ಕು ಚುಕ್ಕಿಗಳು, ಎಲ್ಲ ಹಸಿರು. ಒಂದು ಮಾತ್ರ ಕಪ್ಪು, ಕರೆಮ್ಮನಹಟ್ಟಿ. ಕೀಲಿಮಣೆಯ ಮುಂದೆ ಒಬ್ಬ ತಂತ್ರಜ್ಞ ಕುಳಿತಿದ್ದ. ಯಾವ ಚುಕ್ಕಿ ನಿಜ, ಯಾವುದು ಕುರುಡು ಎಂದು ನಕ್ಷೆಯಿಂದ ಹೇಳುವ ಹಾಗಿರಲಿಲ್ಲ. ಎಲ್ಲ ವಾಲ್ವುಗಳನ್ನೂ ಒಟ್ಟಿಗೆ ಮುಚ್ಚಿದರೆ ಎರಡು ಲಕ್ಷ ಜನಕ್ಕೆ ನೀರಿಲ್ಲ, ಇರುವ ಟ್ಯಾಂಕರ್ ಅರವತ್ತು. ಹೆಪ್ಪು ಒಯ್ದವರ ಪಟ್ಟಿ ಇದ್ದದ್ದು ಕಾಶವ್ವನ ತಲೆಯೊಳಗೆ ಮಾತ್ರ.

"ಅವಸರ ಬ್ಯಾಡ," ಎಂದಳು ಶಹನಾಜ್. "ನೆನಪಾದಂಗ ಹೇಳ್ರಿ."

"ಹೆಪ್ಪು ಕೊಟ್ಟದ್ದು ಮರಿಯೂದಿಲ್ರಿ," ಎಂದಳು ಕಾಶವ್ವ.

ಅವಳು ನೆನಪಿಟ್ಟದ್ದು ಪಾತ್ರೆಗಳಿಂದ. "ಚಿಕ್ಕಬಾಸೂರು ದ್ಯಾಮವ್ವ, ಸ್ಟೀಲಿನ ಡಬ್ಬಿ ತಂದಿದ್ಳು, ಮುಚ್ಚಳ ಸಡ್ಲಿತ್ತು." ತಂತ್ರಜ್ಞ ಕೀಲಿ ಒತ್ತಿದ. ಒಂದು ಚುಕ್ಕಿ ಆರಿತು. "ಮುದ್ಲಾಪುರ ತಾಂಡಾದ ಸೀತಾಬಾಯಿ, ಔಷಧದ ಶೀಶೆ." ಇನ್ನೊಂದು ಆರಿತು. "ಕಲ್ಲಹಿಪ್ಪರಗಿ ಟೀಚರಬಾಯಿ, ಹೆಸರು ಗೊತ್ತಿಲ್ಲ, ನೀರಿನ ಬಾಟ್ಲಿ. ಬಸ್ಸಿನ್ಯಾಗ ಕೈಯಾಗ ಹಿಡಕೊಂಡು ಹೋದ್ಳು, ಕುಲುಕಬಾರದಂತ." ಹಿಂದಿನ ದಿನದ ತನಕ ಈ ಒಂದೊಂದು ನೆನಪೂ ಅವಳಿಗೆ ಒಡವೆಯಂತಿತ್ತು.

ಹನ್ನೊಂದನೆಯದು, ಹನ್ನೆರಡನೆಯದು. ಕೋಣೆಯಲ್ಲಿ ಫೋನುಗಳು ಬಡಿದುಕೊಳ್ಳಲಾರಂಭಿಸಿದವು. ನೀರು ಯಾಕೆ ನಿಂತಿತು ಎಂದು ಊರುಗಳು ಕೇಳುತ್ತಿದ್ದವು. ಕಾಶವ್ವ ಅತ್ತ ಗಮನ ಕೊಡಲಿಲ್ಲ.

"ಹದಿನಾರು," ಎಂದ ತಂತ್ರಜ್ಞ.

"ಬೂದಗುಂಪಿ," ಎಂದಳು ಅವಳು. "ಬೂದಗುಂಪಿ ರೇಣವ್ವ. ದೀಪಾವಳಿ ಪಾಡ್ಯದ ದಿನ. ಬಳಿ ಇಡೂ ಪ್ಲಾಸ್ಟಿಕ್ ಡಬ್ಬಿ..."

ಅಲ್ಲಿಗೆ ನಿಂತಳು.

ಶಹನಾಜ್ ಕಾದಳು. ತಂತ್ರಜ್ಞನ ಬೆರಳು ಕೀಲಿಯ ಮೇಲೆ ಇತ್ತು.

"ಏನಾತ್ರಿ?"

"ಆಕಿ ಮೊಮ್ಮಗ," ಎಂದಳು ಕಾಶವ್ವ. "ಎರಡು ತಿಂಗಳದ್ದು. ಅವಳಿ ಇದ್ವು, ತಾಯಿ ಹಾಲು ಒಂದಕ್ಕ ಸಾಲ್ತಿತ್ತು. ಇನ್ನೊಂದಕ್ಕ ಡಬ್ಬಿ." ಅವಳು ನಕ್ಷೆಯನ್ನು ನೋಡುತ್ತಲೇ ಹೇಳಿದಳು. "ತೀರಿಕೊಂಡು ಇಪ್ಪತ್ತಾರು ದಿನ ಆತು. ಮೈ ನೀಲಿಗಟ್ಟಿತ್ತಂತ. ಹೃದಯದಾಗ ತೂತಿತ್ತು ಅಂದ್ರಂತ. ನಾನ ಹೋಗಿದ್ನಿ ಮಾತಾಡಿಸಾಕ. ಆಕಿ ಜೋಡಿ ಕುಂತು ಅತ್ತು ಬಂದೀನಿ."

ತಂತ್ರಜ್ಞ ಕೀಲಿ ಒತ್ತಿದ. ಬೂದಗುಂಪಿಯ ಚುಕ್ಕಿ ಆರಿತು. ಶಹನಾಜ್ ಕುರ್ಚಿಯೊಂದನ್ನು ಎಳೆದು ಕಾಶವ್ವನ ಪಕ್ಕ ಕುಳಿತಳು, ಅವಳ ಕೈ ಹಿಡಿಯಲು ಹೋಗಿ ಹಿಡಿಯಲಿಲ್ಲ.

ಕಾಶವ್ವ ಮತ್ತೆ ಶುರುಮಾಡಿದಳು. ಇಪ್ಪತ್ತಮೂರಕ್ಕೆ ಹೆಸರುಗಳು ಮುಗಿದವು. ಇನ್ನೂ ಇವೆಯೇನೋ ಎಂದು ತಂತ್ರಜ್ಞ ಕಾದ, ಅವಳು ಇಲ್ಲವೆಂದು ತಲೆಯಾಡಿಸಿದಳು. ತಾನು ಕೊಟ್ಟವರು ಇಪ್ಪತ್ತಮೂರೇ.

"ಅಂದ್ರ ಉಳಿದದ್ದೆಲ್ಲ ಸುರಕ್ಷಿತ," ಎಂದ ಅವನು, ಉಸಿರು ಬಿಟ್ಟು.

"ಹೆಂಗಾಗ್ತೈತ್ರಿ," ಎಂದಳು ಕಾಶವ್ವ. "ನನ್ನಿಂದ ಒಯ್ದವ್ರು ಸುಮ್ನ ಇಟಗೊಂಡಿರ್ತಾರೇನು? ಅವರೂ ಕೇಳಿದವ್ರಿಗೆ ಕೊಟ್ಟಿರ್ತಾರ. ರೇಣವ್ವ ನನಗಿಂತ ಧಾರಾಳಿ ಕೈಯಾಕಿ. ಕೊಟ್ಟವ್ರಿಗೆ ತಮ್ಮ ಕೈಯಿಂದು ಅಷ್ಟ ಗೊತ್ತಿರ್ತೈತಿ. ಮುಂದಿಂದು ಒಯ್ದವ್ರನ್ನ ಕೇಳಬೇಕು."

"ನಾವು ಫೋನ್ ಮಾಡ್ತೀವಿ," ಎಂದಳು ಶಹನಾಜ್. "ಕೇಂದ್ರದಿಂದ."

"ನಿಮಗ ಹೇಳೂದಿಲ್ಲ. ರಿಜಿಸ್ಟರದಾಗ ಅವರೂ ಗುರುತು ಹಾಕ್ಯಾರ, ನನ್ನಂಗ." ಕಾಶವ್ವ ಕೈ ಮುಂದೆ ಚಾಚಿದಳು. "ಫೋನ್ ಕೊಡ್ರಿ. ಮೊದ್ಲ ರೇಣವ್ವಗ."

ಮೂರನೆಯ ರಿಂಗಿಗೆ ಆ ಕಡೆಯಿಂದ ದನಿ ಬಂತು. ಕೋಣೆಯೆಲ್ಲ ಕೇಳುವಂತೆ ತಂತ್ರಜ್ಞ ಅದನ್ನು ದೊಡ್ಡದು ಮಾಡಿದ್ದ.

"ಯಾರು, ಕಾಶಕ್ಕೇನ? ನಿನ್ನ ಮೊಮ್ಮಗಳಿಗೆ ಆರಾಮಿಲ್ಲಂತ ಹೊಳೆವ್ವ ಹೇಳಿದ್ಳು, ನಿನ್ನೆಯಿಂದ ಜೀವ ಕೈಯಾಗ ಹಿಡಕೊಂಡೀನಿ. ಹೆಂಗೈತಿ ಕೂಸು?"

"ಉಳದೈತಿ," ಎಂದಳು ಕಾಶವ್ವ.

"ದೇವರು ದೊಡ್ಡಾಂವ. ನಮಗಂತೂ ಇಲ್ಲ, ನಿಮಗರ ಉಳೀತಲ್ಲ." ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಇಲ್ಲೆ ಈಗ ನೀರ ನಿಂತೈತಿ ನೋಡಕ್ಕ, ಮಂದಿ ನನ್ನ ಬೈಯಾಕತ್ತಾರ. ದೀಪ ನೋಡಿದ್ರ ಚಲೋ ಉರಿಯಾಕತ್ತೈತಿ. ನಿನ್ನ ಹೆಪ್ಪು, ಒಂದಿನಾನೂ ಮಂಕಾಗಿಲ್ಲ. ಯಾಕ ನಿಂತಿರಬೇಕು?"

ಕಾಶವ್ವ ಗೋಡೆಯ ಕಡೆ ನೋಡಿದಳು. ನೂರ ತೊಂಬತ್ತು ಚುಕ್ಕಿಗಳು ಇನ್ನೂ ಹಸಿರಾಗಿದ್ದವು.

"ರೇಣಾ," ಎಂದಳು, "ನಿಂತೀಯೇನ? ಮೊದ್ಲ ಕುಂದ್ರು."